ಮಾವನ ಸೊಂಟ, ಎದುರಂಗಡಿಯ ಗಡಿಯಾರ

ಜನವರಿ 4

ಕಡ್ಡಿಗೆ ಮಾವನ ಆಶೀರ್ವಾದ.

ನಾನು ಕ್ಷೇಮ. ನನ್ನ ಕ್ಷೇಮ ಕೇಳುವ ಅಗತ್ಯ ಇವತ್ತಿನವರೆಗೆ ಯಾರಿಗೂ ಬಂದಿಲ್ಲ, ಮುಂದೆಯೂ ಬರುವುದಿಲ್ಲ. ನಿನ್ನ ಕ್ಷೇಮ ಮಾತ್ರ ಬೀದಿಗೆಲ್ಲ ಡಂಗುರವಾಗಿದೆ. ನಿಮ್ಮಮ್ಮ ಮೊನ್ನೆ ಅಂಗಡಿಗೆ ಬಂದು ಅರ್ಧ ಗಂಟೆ ಅತ್ತಳು. ಎರಡು ವರ್ಷದಿಂದ ನಿನಗೆ ಸೊಂಟ ನೋವಂತೆ. ಸರಿ. ಡಾಕ್ಟರು ಫೋಟೋ ತೆಗೆದು, ಒಳಗೆ ಮುರಿದದ್ದೂ ಇಲ್ಲ, ಕೊಯ್ಯುವಂಥದ್ದೂ ಇಲ್ಲ ಅಂದರಂತೆ. ಅದೂ ಸರಿ. ಆಮೇಲೆ ಅದೇ ಆಸ್ಪತ್ರೆಯಲ್ಲಿ ಪ್ರತಿ ಬುಧವಾರ ಒಬ್ಬ ಮೇಡಂ ನಿನ್ನನ್ನು ಕೂರಿಸಿಕೊಂಡು ಉಸಿರಾಡುವುದು ಹೇಗೆ ಅಂತ ಹೇಳಿಕೊಡುತ್ತಾಳಂತೆ. ಅಲ್ಲಿಗೆ ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ಅಳುತ್ತಿದ್ದಳು, ನಾನು ನಗುತ್ತಿದ್ದೆ. ಹೊರಗಿನಿಂದ ನೋಡಿದವರು ನಾಟಕದ ತಾಲೀಮು ಅಂದುಕೊಂಡಿರಬೇಕು.

ನಲವತ್ತು ತುಂಬಿದ ಹೆಂಗಸಿಗೆ ಉಸಿರಾಡುವುದು ಕಲಿಸುವ ಕೆಲಸ ಅಂತ ಒಂದಿದೆ ಎಂದು ಮೊದಲೇ ಗೊತ್ತಿದ್ದರೆ ನಾನು ಕುರ್ಚಿಗೆ ಬೆತ್ತ ಹೆಣೆಯುತ್ತ ಕೂರುತ್ತಿರಲಿಲ್ಲ. ನಾಲ್ಕನೇ ತರಗತಿಯಷ್ಟೇ ಓದಿದವನು ನಾನು. ಆದರೆ ಉಸಿರಾಟದಲ್ಲಿ ಒಂದು ದಿನವೂ ಫೇಲಾಗಿಲ್ಲ.

ನೋವು ಅನ್ನುವುದು ಸೋಮಾರಿಯ ಮನೆಗೆ ಬರುವ ನೆಂಟ. ಮಣೆ ಹಾಕಿದರೆ ಕೂರುತ್ತಾನೆ. ನನ್ನನ್ನು ನೋಡು. ಅರವತ್ತೆಂಟು ವಯಸ್ಸು. ಮೊಳದುದ್ದದ ಮಣೆಯ ಮೇಲೆ ಕೂತು ನಲವತ್ತೈದು ವರ್ಷ. ಸೊಂಟ ಅನ್ನುವುದು ಮೈಯಲ್ಲಿ ಎಲ್ಲಿದೆ ಅಂತ ಹುಡುಕಿದರೆ ಮಾತ್ರ ಸಿಗುತ್ತದೆ. ಇದಕ್ಕೆ ಕಾರಣ ಒಂದೇ. ಹದಿನೆಂಟು ವರ್ಷಕ್ಕೆ ನೀನು ಕೆಲಸ ಕಲಿಯಲು ಬಂದ ದಿನವೇ ಹೇಳಿದ್ದೆ: ಎಳೆ ನೆನೆಸಿದ ಮೇಲೆ ಕೂತವರು ಕುರ್ಚಿ ಮುಗಿಯುವ ತನಕ ಏಳಬಾರದು. ಎದ್ದರೆ ಬೆತ್ತ ಒಣಗುತ್ತದೆ, ಒಣಗಿದರೆ ಮುರಿಯುತ್ತದೆ, ಮುರಿದರೆ ಮಾನ ಹೋಗುತ್ತದೆ. ಒಂದೇ ಪಟ್ಟಿಗೆ ಕೂತು ಒಂದು ಕುರ್ಚಿ. ಆ ಒಂದು ಮಾತು ನೆಟ್ಟಗೆ ಪಾಲಿಸಿದ್ದರೆ ನಿನಗೆ ಈ ಮೇಡಂ ಬೇಕಾಗುತ್ತಿರಲಿಲ್ಲ.

ಇಲ್ಲಿ ಬೇರೆ ಸುದ್ದಿ ಇಲ್ಲ. ಎದುರಂಗಡಿಯ ಗಡಿಯಾರ ರಿಪೇರಿಯವನು ಹಾಗೆಯೇ ಇದ್ದಾನೆ. ಗೋಡೆ ತುಂಬ ಗಡಿಯಾರ, ಒಂದಕ್ಕೊಂದು ಮಾತಿಲ್ಲ. ಹತ್ತೂಕಾಲಿಗೆ ಒಂದು ಹನ್ನೊಂದು ಹೊಡೆಯುತ್ತದೆ, ಹತ್ತೂಮುಕ್ಕಾಲಿಗೆ ಇನ್ನೊಂದು ಏಳು ಹೊಡೆಯುತ್ತದೆ. ಪ್ರತಿ ಸಲವೂ ನಾನು ಬಾಗಿಲಿಗೆ ಹೋಗಿ "ಏನಯ್ಯಾ, ಈಗ ಯಾವ ದೇಶದ ಟೈಮು?" ಅಂತ ಕೂಗುತ್ತೇನೆ. ಅವನು "ನಿನ್ನ ಟೈಮು ಮುಗೀತು ಅಂತ ಹೇಳ್ತಿದೆ, ಕೇಳಿಸ್ಕೋ" ಅನ್ನುತ್ತಾನೆ. ನಿನ್ನೆ ಹದಿನಾಲ್ಕು ಸಲ ಹೋಗಿ ಬೈದು ಬಂದೆ. ಇಪ್ಪತ್ತಾರು ವರ್ಷದಿಂದ ಬೈಯುತ್ತಿದ್ದೇನೆ, ಒಂದು ಗಡಿಯಾರವೂ ಸರಿಹೋಗಿಲ್ಲ.

ಫೋನ್ ಮಾಡಬೇಡ. ಫೋನಿನಲ್ಲಿ ಬೈದದ್ದು ಗಾಳಿಗೆ ಹೋಗುತ್ತದೆ, ಕಾಗದದಲ್ಲಿ ಬೈದದ್ದು ಉಳಿಯುತ್ತದೆ.

ಇಂತಿ,
ನೆಟ್ಟಗೆ ನಿಂತಿರುವ ನಿನ್ನ ಮಾವ

•

ಜನವರಿ 15

ಮಾವನಿಗೆ ನಮಸ್ಕಾರ.

ನಿನ್ನ ನಗು ತಲುಪಿತು. ಅಮ್ಮ ಹೇಳಿದ್ದು ಅರ್ಧ, ನೀನು ಕೇಳಿಸಿಕೊಂಡದ್ದು ಅದರಲ್ಲಿ ಕಾಲು. ಉಳಿದದ್ದನ್ನು ಬರೆಯುತ್ತೇನೆ, ಅದಕ್ಕೂ ನಗು.

ನೋವು ಸೊಂಟದಲ್ಲಿ ಶುರುವಾಗಿ ಎಡಗಾಲಿನ ಹಿಂಬದಿಯಲ್ಲಿ ಇಳಿದು ಹಿಮ್ಮಡಿಯಲ್ಲಿ ಕೂರುತ್ತದೆ. ನೆಂಟ ಅಂದೆಯಲ್ಲ, ಆ ಮಾತು ನಿಜ. ಆದರೆ ಇವನು ಮಣೆ ಹಾಕದಿದ್ದರೂ ಕೂರುವವನು. ಬೆಳಿಗ್ಗೆ ಎದ್ದು ಚಪ್ಪಲಿ ಮೆಟ್ಟುವಷ್ಟರಲ್ಲಿ ಅರ್ಧ ದಿನದ ಶಕ್ತಿ ಮುಗಿದಿರುತ್ತದೆ.

ನಮ್ಮ ಕಾರ್ಖಾನೆಗೆ ಒಂದು ನಾಟಕಮಂದಿರದ ಇನ್ನೂರ ನಲವತ್ತು ಹಳೆಯ ಕುರ್ಚಿಗಳು ಬಂದಿವೆ. ಎಲ್ಲದಕ್ಕೂ ಹೊಸ ಬೆತ್ತ ಹೆಣೆಯಬೇಕು. ಯಜಮಾನಿ ಕರೆದು ನಿಲ್ಲಿಸಿಕೊಂಡೇ ಹೇಳಿದರು: "ನೋಡಮ್ಮ, ಕನಿಕರ ನನ್ನ ಹತ್ರ ಸ್ಟಾಕಿಲ್ಲ. ಏಪ್ರಿಲ್ ಒಂದಕ್ಕೆ ಬಂದು ಎಣಿಸ್ತೀನಿ. ವಾರಕ್ಕೆ ನಾಲ್ಕು ಕುರ್ಚಿ ಹೆಣೀತಿದ್ರೆ ಇರು. ಆಗ್ದಿದ್ರೆ ಗೇಟಲ್ಲಿ ಕೂತು ಬಂದೋರ ಹೆಸರು ಬರ್ಕೋ." ನಾನು ಆಗ ಹೆಣೆಯುತ್ತಿದ್ದದ್ದು ವಾರಕ್ಕೆ ಒಂದೂವರೆ. ಕೈಯಲ್ಲಿರುವುದು ಒಂದೇ ವಿದ್ಯೆ, ಅದೂ ನಿನ್ನದು. ಅದನ್ನು ಬಿಟ್ಟು ಗೇಟಿನಲ್ಲಿ ಕೂರುವುದಕ್ಕೆ ನನಗೆ ಮನಸ್ಸಿಲ್ಲ. ಆದ್ದರಿಂದ ಬುಧವಾರದ ಕ್ಲಾಸು.

ಅಲ್ಲಿ ನಾವು ಒಂಬತ್ತು ಜನ. ಒಬ್ಬ ರಿಟೈರಾದ ಬಸ್ ಡ್ರೈವರ್ ಇದ್ದಾನೆ, ನೋವಿನಲ್ಲೂ ಓವರ್‌ಟೇಕ್ ಮಾಡುತ್ತಾನೆ. "ನಿಮ್ದು ಸೊಂಟ ಮಾತ್ರಾನಾ? ನಂದು ಕುತ್ತಿಗೆಯಿಂದ." ಮೇಡಂ ಅವನನ್ನು ನೋಡಿ, "ಸರಿ, ಮೊದಲ ಬಹುಮಾನ ನಿಮಗೆ. ಈಗ ಎದ್ದು ಕಿಟಕಿ ತನಕ ನಡೀರಿ" ಅನ್ನುತ್ತಾರೆ. ಉಸಿರಾಟ ಕಲಿಸುವುದು ಐದು ನಿಮಿಷ. ಉಳಿದದ್ದು ಬೇರೆ. ನೋವಾದದ್ದೆಲ್ಲ ಗಾಯವಲ್ಲ ಅಂತ ಹೇಳುತ್ತಾರೆ. ಒಮ್ಮೆ ಕಳ್ಳನನ್ನು ಕಂಡ ನಾಯಿ ಆಮೇಲೆ ಎಲೆ ಅಲುಗಿದರೂ ಬೊಗಳುತ್ತದಂತೆ. ಅದನ್ನು ಹೊಡೆಯಲೂಬೇಡಿ, ಅದು ಬೊಗಳಿತು ಅಂತ ಮಂಚದ ಕೆಳಗೆ ಅಡಗಲೂಬೇಡಿ, ನಿಮ್ಮ ಕೆಲಸ ನೀವು ಮಾಡಿ ಅನ್ನುತ್ತಾರೆ.

ಕೆಲಸಕ್ಕೂ ಲೆಕ್ಕವಿದೆ. ಇಪ್ಪತ್ತು ನಿಮಿಷಕ್ಕೆ ಕಿರ್ ಅನ್ನುವ ಅಡುಗೆಮನೆಯ ಟೈಮರ್ ಒಂದು ಕೊಂಡಿದ್ದೇನೆ. ಅದು ಕೂಗಿದರೆ ಏಳಬೇಕು. ನೋವಿದ್ದರೂ ಇಲ್ಲದಿದ್ದರೂ, ಸಾಲು ಮುಗಿದಿದ್ದರೂ ಮುಗಿಯದಿದ್ದರೂ. ಹೆಣಿಗೆಯ ಮೇಲೆ ಒದ್ದೆ ಬಟ್ಟೆ ಹೊದಿಸಿ, ಎರಡು ನಿಮಿಷ ನಡೆದು ಬಂದು ಮತ್ತೆ ಕೂರಬೇಕು. ಒಳ್ಳೆಯ ದಿನ ಹೆಚ್ಚು ಮಾಡುವಂತಿಲ್ಲ, ಕೆಟ್ಟ ದಿನ ಬಿಡುವಂತಿಲ್ಲ. ಮಲಗುವ ಮೊದಲು ಆ ದಿನ ಏನು ಮಾಡಿದೆ ಅಂತ ಮೂರು ಸಾಲು ಬರೆಯಬೇಕು. ಎಲ್ಲಿ ನೋಯಿತು ಅಂತ ಬರೆಯುವಂತಿಲ್ಲ.

ನಿಜ ಹೇಳಲೇ? ನನಗೂ ಪೂರ್ತಿ ನಂಬಿಕೆ ಬಂದಿಲ್ಲ. ಆದರೆ ಎರಡು ವಾರದಲ್ಲಿ ಒಂದೂವರೆ ಕುರ್ಚಿ ಎರಡಾಗಿದೆ.

ನಿನ್ನ ಕಡ್ಡಿ

•

ಜನವರಿ 27

ಗಂಟೆಯ ಗುಲಾಮಳಿಗೆ ಆಶೀರ್ವಾದ.

ಕಾಗದ ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಎರಡನೇ ಸಲ ನಾಚಿಕೆಯಾಯಿತು. ನನ್ನ ಕೈಯಲ್ಲಿ ಒಂಬತ್ತು ವರ್ಷ ಪಳಗಿದವಳು ಟೈಮರ್ ಕೂಗಿದರೆ ಏಳುತ್ತಾಳಂತೆ. ಅರ್ಧ ಹೆಣೆದ ಕುರ್ಚಿಗೆ ಒದ್ದೆ ಬಟ್ಟೆ ಹೊದಿಸಿ ಬರುತ್ತಾಳಂತೆ, ಜ್ವರ ಬಂದ ಕೂಸಿಗೆ ಹೊದಿಸಿದ ಹಾಗೆ. ಜೋಗುಳ ಯಾವುದು ಹಾಡುತ್ತೀ, ಅದನ್ನೂ ಬರೆ.

ಒಳ್ಳೆಯ ದಿನ ಹೆಚ್ಚು ಮಾಡಬಾರದು ಅಂದಳಂತೆ ಆ ಮೇಡಂ. ಇಂಥ ಮಾತು ಜನ್ಮದಲ್ಲಿ ಕೇಳಿರಲಿಲ್ಲ. ಗಾಳಿ ಬಂದಾಗ ತೂರಿಕೋ ಅಂದರು ಹಿರಿಯರು. ಇವಳು ಗಾಳಿ ಬಂದಾಗ ಕಿಟಕಿ ಮುಚ್ಚು ಅನ್ನುತ್ತಾಳೆ. ಮೈ ಹಗುರವಾಗಿರುವ ದಿನ ಹೊಡೆದು ಹಾಕಬೇಕು ಕಣೇ. ನಾನು ಮೂವತ್ತೆರಡನೇ ವಯಸ್ಸಿನಲ್ಲಿ ಒಂದು ಹೋಟೆಲಿಗೆ ಎಂಟು ದಿನದಲ್ಲಿ ಹದಿನಾರು ಕುರ್ಚಿ ಹೆಣೆದು ಕೊಟ್ಟೆ. ಮ್ಯಾನೇಜರು ಬಂದು ಕುರ್ಚಿ ನೋಡಲಿಲ್ಲ, ನನ್ನ ಬೆನ್ನು ನೋಡಿದ. "ಮೇಷ್ಟ್ರೇ, ಇದೇನು ಬೆನ್ನೋ ರೈಲ್ವೆ ಕಂಬಿಯೋ?" ಅಂದ. ನಾಲ್ಕನೇ ತರಗತಿಯವನನ್ನು ಮೇಷ್ಟ್ರೇ ಅಂದ. ಬರೆದುಕೋ ನಿನ್ನ ಮೂರು ಸಾಲಿನ ಪುಸ್ತಕದಲ್ಲಿ.

ನನ್ನ ಮಾತು ಕೇಳುವ ಹಾಗಿದ್ದರೆ ಆ ಟೈಮರನ್ನು ಡ್ರಾಯರಿಗೆ ಹಾಕು. ಮೈ ಚೆನ್ನಾಗಿರುವ ಒಂದು ದಿನ ನೋಡಿ ಕೂರು, ಮುಗಿಯುವ ತನಕ ಏಳಬೇಡ. ನೋವಿಗೆ ನೀನು ಯಾರು ಅಂತ ಗೊತ್ತಾಗಲಿ.

ಇನ್ನೊಂದು ಸಂತೋಷದ ಸುದ್ದಿ. ಗಡಿಯಾರದವನು ಸೋತ. ಕಣ್ಣು ಮಬ್ಬಾಗಿ ಮುಳ್ಳು ಯಾವುದು ಮೊಳೆ ಯಾವುದು ತಿಳಿಯುತ್ತಿಲ್ಲ. ಮೂವತ್ತೊಂದನೇ ತಾರೀಖು ಅಂಗಡಿ ಮುಚ್ಚಿ ಮಗಳ ಮನೆಗೆ ಹೋಗುತ್ತಾನಂತೆ, ಇಲ್ಲಿಂದ ಮೂರನೇ ಬೀದಿ. ಗಡಿಯಾರಗಳನ್ನೆಲ್ಲ ಗೋಣಿಚೀಲಕ್ಕೆ ತುಂಬುತ್ತಿದ್ದಾನೆ, ಚೀಲದೊಳಗಿಂದಲೂ ತಪ್ಪು ತಪ್ಪಾಗಿ ಹೊಡೆಯುತ್ತಿವೆ. ಇನ್ನು ಈ ಬೀದಿಯಲ್ಲಿ ಉಳಿದವನು ನಾನೊಬ್ಬ. ನಿಶ್ಶಬ್ದವಾಗಿ ಕೂತು ಕೆಲಸ ಮಾಡಬಹುದು.

ಇಂತಿ,
ಗೆದ್ದ ಮಾವ

•

ಫೆಬ್ರವರಿ 20

ಮಾವ,

ನಿನ್ನ ಮಾತು ಕೇಳಿದೆ. ಅದು ನನ್ನ ತಪ್ಪು, ನಿನ್ನದಲ್ಲ. ಬೊಗಳೆ ಬಿಡುವುದು ನಿನ್ನ ಸ್ವಭಾವ. ನಂಬುವುದಕ್ಕೆ ನನಗೇನಾಗಿತ್ತು?

ಫೆಬ್ರವರಿ ಆರು ಒಳ್ಳೆಯ ದಿನವಾಗಿತ್ತು. ಬೆಳಿಗ್ಗೆ ಕಾಲು ಹಗುರವಾಗಿತ್ತು. ಟೈಮರನ್ನು ಡ್ರಾಯರಿಗೆ ಹಾಕಿ ಕೂತೆ. ಊಟಕ್ಕೂ ಏಳದೆ ಸಂಜೆಯೊಳಗೆ ಒಂದು ಕುರ್ಚಿ ಮುಗಿಸಿ ಇನ್ನೊಂದರ ನಾಲ್ಕನೇ ಸುತ್ತಿಗೆ ಬಂದಿದ್ದೆ. ನಿನ್ನನ್ನು ನೆನೆದು ಮೀಸೆ ಇಲ್ಲದಿದ್ದರೂ ತಿರುವಿಕೊಂಡೆ. ಏಳಲು ಹೋದೆ, ಆಗಲಿಲ್ಲ. ಪಕ್ಕದ ಸಾಲಿನ ಇಬ್ಬರು ಹೆಂಗಸರು ನನ್ನನ್ನು ಕುರ್ಚಿ ಎತ್ತಿದ ಹಾಗೆ ಎತ್ತಿದರು. ಒಂಬತ್ತು ದಿನ ಹಾಸಿಗೆ. ಬಚ್ಚಲಿಗೆ ಹೋಗಲು ಗೋಡೆ ಹಿಡಿದುಕೊಂಡೆ. ಯಜಮಾನಿ ಬಂದು ಬಾಗಿಲಲ್ಲೇ ನಿಂತು, "ತಾರೀಖು ಮುಂದಕ್ಕೆ ಹೋಗಲ್ಲ" ಅಂತ ಹೇಳಿ ಹೋದರು.

ಬುಧವಾರದ ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಯಾರೋ ಗಟ್ಟಿಗರು ಹೇಳಿಕೊಟ್ಟಿರಬೇಕು" ಅಂದರು, ಅಷ್ಟೆ. ಈಗ ಹತ್ತು ನಿಮಿಷದಿಂದ ಮತ್ತೆ ಶುರು. ಹತ್ತು ನಿಮಿಷ ಕೂರು, ಏಳು, ನಡೆ. ಒಂದು ತಿಂಗಳು ಕಷ್ಟಪಟ್ಟು ಹತ್ತಿದ ಮೆಟ್ಟಿಲನ್ನು ಒಂದು ಸಂಜೆಗೆ ಇಳಿದೆ. ಏಪ್ರಿಲ್ ಒಂದಕ್ಕೆ ಆರು ವಾರ ಉಳಿದಿದೆ.

ನಿನಗೆ ನೋವು ಗೊತ್ತಿಲ್ಲ. ಗೊತ್ತಿಲ್ಲದವನು ಸುಮ್ಮನಿರುವುದು ಕಲಿಯಬೇಕು. ಇದಕ್ಕೆ ಉತ್ತರ ಬರೆಯಬೇಡ.

•

ಫೆಬ್ರವರಿ 26

ಕಡ್ಡಿಗೆ,

ಬರೆಯಬೇಡ ಅಂದೆ. ನಾನು ಯಾವಾಗ ಯಾರ ಮಾತು ಕೇಳಿದ್ದೇನೆ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಹೇಳಿದ್ದು ಒಂದು ಕುರ್ಚಿ. ನೀನು ಎರಡನೆಯದಕ್ಕೆ ಯಾಕೆ ಕೈ ಹಾಕಿದೆ? ಅತಿಯಾಸೆ. ಅದು ನಿಮ್ಮಪ್ಪನ ಕಡೆಯಿಂದ ಬಂದದ್ದು, ನಮ್ಮ ಕಡೆ ಇಲ್ಲ.

ನಾನಿಲ್ಲಿ ದಿವ್ಯವಾಗಿದ್ದೇನೆ. ಎದುರಂಗಡಿಗೆ ಬೀಗ ಬಿದ್ದು ನಾಲ್ಕು ವಾರ. ಒಂದು ಸದ್ದಿಲ್ಲ. ಮೊನ್ನೆ ಬೆಳಿಗ್ಗೆ ಕೂತವನು ಕತ್ತಲಾಯಿತು ಅಂತ ತಲೆ ಎತ್ತಿದೆ. ನಡುವೆ ಒಂದು ಸಲವೂ ಏಳಲಿಲ್ಲ. ಯಾಕೆ ಏಳಬೇಕು? ಬೈಯುವುದಕ್ಕೆ ಯಾರಿದ್ದಾರೆ? ಮೈಯಲ್ಲಿ ಸ್ವಲ್ಪ ಹಿಡಿತ ಬಂದ ಹಾಗಿದೆ, ಚಳಿಗಾಲದ ಬಾಲ ಇನ್ನೂ ಹೋಗಿಲ್ಲ, ಅದಕ್ಕೆ. ಒಂದು ಕೋಲು ತಂದಿದ್ದೇನೆ. ಬೀದಿಯಲ್ಲಿ ನಾಯಿಗಳು ಹೆಚ್ಚಾಗಿವೆ.

ಅಕ್ಷರ ಮೇಲಕ್ಕೆ ಏರುತ್ತಿದ್ದರೆ ಅದು ಪೆನ್ನಿನ ದೋಷ. ಮಲಗಿಕೊಂಡು ಬರೆದರೆ ಶಾಯಿ ಸರಿಯಾಗಿ ಇಳಿಯುವುದಿಲ್ಲ. ಮಲಗಿಕೊಂಡು ಬರೆಯುವುದು ಈಗ ನನಗೆ ಹೆಚ್ಚು ಇಷ್ಟ.

ಇಂತಿ, ಮಾವ

•

ಮಾರ್ಚ್ 9

ಮೂಗಿಯಾದ ಕಡ್ಡಿಗೆ,

ಉತ್ತರವಿಲ್ಲ. ಬೈದಾದರೂ ಒಂದು ಸಾಲು ಬರೆಯಬಾರದೇ? ಬೈಗುಳಕ್ಕೂ ಟೈಮರ್ ಇಟ್ಟಿದ್ದಾಳೇನು ಆ ಮೇಡಂ?

ನಾನು ಬರೆಯುತ್ತಿರುವುದು ನನಗಾಗಿ ಅಲ್ಲ. ನಮ್ಮ ಪೋಸ್ಟಿನವನಿಗೆ ಒಂದು ತೊಂದರೆ. ಪಾಪ, ಒಳ್ಳೆಯ ಮನುಷ್ಯ, ಸ್ವಲ್ಪ ಬಡಾಯಿ ಜಾಸ್ತಿ. ಅವನಿಗೆ ಎರಡು ವಾರದಿಂದ ಬಗ್ಗಿ ಚಪ್ಪಲಿ ಮೆಟ್ಟಲು ಆಗುತ್ತಿಲ್ಲ. ಕೂತರೆ ಏಳಲಾರ, ಎದ್ದರೆ ಕೂರಲಾರ. ಸೀನು ಬಂದರೆ ಗೋಡೆ ಹಿಡಿಯುತ್ತಾನೆ. ಡಾಕ್ಟರು ಮುಟ್ಟಿ ನೋಡಿ, ಫೋಟೋನೂ ತೆಗೆದು, ಹೆದರುವಂಥದ್ದೇನೂ ಇಲ್ಲ ಅಂದರಂತೆ. ಇಂಥವರಿಗೆ ಆ ಮೇಡಂ ಏನು ಹೇಳುತ್ತಾಳೆ? ನನಗೆ ಇದರಲ್ಲಿ ನಂಬಿಕೆ ಇಲ್ಲ ಅಂತ ನಿನಗೆ ಗೊತ್ತು. ಅವನು ಕಾಲು ಹಿಡಿದು ಕೇಳಿಕೊಂಡ, ಅದಕ್ಕೆ ಕೇಳುತ್ತಿದ್ದೇನೆ. ಬೇಗ ಬರೆದರೆ ಒಳ್ಳೆಯದು. ಅವನು ಹನ್ನೆರಡು ದಿನದಿಂದ ಕೆಲಸಕ್ಕೆ ಕೂತಿಲ್ಲ.

ಮಾವ

•

ಮಾರ್ಚ್ 14

ಮಾವನಿಗೆ ನಮಸ್ಕಾರ.

ಕಾಲು ಹಿಡಿದು ಕೇಳಿಕೊಂಡ ಅಂದೆಯಲ್ಲ, ಚಪ್ಪಲಿ ಮೆಟ್ಟಲು ಬಗ್ಗಲಾರದ ಮನುಷ್ಯ ನಿನ್ನ ಕಾಲು ಹೇಗೆ ಹಿಡಿದ? ಮುಂದಿನ ಸಲ ಸುಳ್ಳು ಹೆಣೆಯುವಾಗ ಗಂಟು ನೋಡಿಕೋ. ಪೋಸ್ಟಿನವನು ಕೂತು ಮಾಡುವ ಕೆಲಸ ಯಾವುದು ಅಂತಲೂ ಯೋಚಿಸುತ್ತಿದ್ದೇನೆ.

ಇರಲಿ. ಪೋಸ್ಟಿನವನಿಗೆ ಹೇಳು. ಹಾಸಿಗೆಯಲ್ಲಿ ಬಿದ್ದುಕೊಂಡಿದ್ದರೆ ವಾಸಿಯಾಗುವುದಿಲ್ಲ. ಮೊದಲ ದಿನ ಬಾಗಿಲ ತನಕ ನಡೆಯಲಿ. ಮರುದಿನ ದೀಪದ ಕಂಬದ ತನಕ. ನೋವು ಬೊಗಳುತ್ತದೆ, ಬೊಗಳಲಿ. ಹೆಚ್ಚು ನಡೆದು ಶೌರ್ಯ ತೋರಿಸುವುದು ಬೇಡ, ಅವನಿಗೆ ಬಡಾಯಿ ಜಾಸ್ತಿ ಅಂತ ನೀನೇ ಬರೆದಿದ್ದೀಯ. ಮಲಗುವ ಮೊದಲು ಮೂರು ಸಾಲು ಬರೆಯಲಿ.

ಈಗ ನಿನಗೆ ಒಂದು ಮಾತು. ಹಾಸಿಗೆಯಲ್ಲಿ ಬಿದ್ದಿದ್ದ ಒಂಬತ್ತು ದಿನವೂ ನಾನು ಒಂದೇ ಯೋಚನೆ ಮಾಡಿದೆ. ಮಾವನ ಹಾಗೇ ಕೂತೆ, ಮಾವನ ಮಣೆಯಂಥದೇ ಮಣೆ, ಮಾವನದೇ ಹೆಣಿಗೆ. ಅವನಿಗೆ ರೈಲ್ವೆ ಕಂಬಿ, ನನಗೆ ಯಾಕೆ ಮುರುಕು ಕೊಡೆ? ನನ್ನ ಮೈಯೇ ಕಳಪೆ ಅಂದುಕೊಂಡೆ. ಮೊನ್ನೆ ನಿನ್ನ ಜನವರಿ ನಾಲ್ಕರ ಕಾಗದ ಮತ್ತೆ ತೆಗೆದೆ, ಹರಿದು ಹಾಕೋಣ ಅಂತ. ಹರಿಯುವ ಮುಂಚೆ ಓದಿದೆ. "ನಿನ್ನೆ ಹದಿನಾಲ್ಕು ಸಲ ಹೋಗಿ ಬೈದು ಬಂದೆ."

ಮಾವ, ನೀನು ಯಾವತ್ತೂ ಕೂತಿರಲಿಲ್ಲ.

ಒಂದೇ ಪಟ್ಟಿಗೆ ಕೂತು ಒಂದು ಕುರ್ಚಿ ಅಂತ ನನಗೆ ಹೇಳಿದೆ. ನೀನು ಮಾತ್ರ ಗಡಿಯಾರ ಹೊಡೆದಾಗಲೆಲ್ಲ ಎದ್ದು, ಬಾಗಿಲಿಗೆ ನಡೆದು, ಎದೆ ಸೆಟೆಸಿ, ಕೈ ಮೇಲೆತ್ತಿ ಬೈದು, ವಾಪಸು ಬಂದು ಕೂರುತ್ತಿದ್ದೆ. ದಿನಕ್ಕೆ ಹದಿನಾಲ್ಕು ಸಲ. ಬುಧವಾರದ ಮೇಡಂ ಕಲಿಸುವುದು ಇದನ್ನೇ, ಬೈಗುಳ ಒಂದು ಬಿಟ್ಟು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ನೀನು ಎದ್ದು ಹೋದಾಗ ಎಳೆ ಒಣಗುತ್ತಿರಲಿಲ್ಲ, ಯಾಕೆ ಗೊತ್ತೇ? ನಾನು ಕೂತಿರುತ್ತಿದ್ದೆ. ಎಡಗೈಯಲ್ಲಿ ಎಳೆ ಬಿಗಿ ಹಿಡಿದು, ಬಲಗೈಯಲ್ಲಿ ನೀರು ಚಿಮುಕಿಸುತ್ತ, ನೀನು ಬೈದು ಮುಗಿಸುವ ತನಕ ಅಲುಗದೆ. ಒಂಬತ್ತು ವರ್ಷ. ಒದ್ದೆ ಬಟ್ಟೆ ಅಂತ ನಕ್ಕೆಯಲ್ಲ, ಆ ಅಂಗಡಿಯಲ್ಲಿ ಒದ್ದೆ ಬಟ್ಟೆ ನಾನೇ ಆಗಿದ್ದೆ.

ಈಗ ಗಡಿಯಾರವೂ ಇಲ್ಲ, ನಾನೂ ಇಲ್ಲ. ನಿಶ್ಶಬ್ದವಾಗಿ ಕೂತೆ, ಕೂತಲ್ಲೇ ಹಿಡಿದುಕೊಂಡಿತು. ಮೂರನೇ ಬೀದಿಗೆ ಹೋಗು. ಬೈದು ಬಾ.

ಕಡ್ಡಿ

•

ಮಾರ್ಚ್ 24

ಕಡ್ಡಿಗೆ,

ನೀನು ಬರೆದದ್ದು ಶುದ್ಧ ಸುಳ್ಳು. ನಾನು ಬಾಗಿಲಿಗೆ ಹೋಗುತ್ತಿದ್ದದ್ದು ಅವನ ತಪ್ಪು ತಿದ್ದುವುದಕ್ಕೆ, ವ್ಯಾಯಾಮಕ್ಕಲ್ಲ. ಅದರ ವಿಷಯ ಇನ್ನು ಮಾತು ಬೇಡ.

ಪೋಸ್ಟಿನವನಿಗೆ ನಿನ್ನ ಸಲಹೆ ತಿಳಿಸಿದೆ. ಮೊದಲ ದಿನ ಬಾಗಿಲ ತನಕ ಹೋದ. ಮರುದಿನ ದೀಪದ ಕಂಬ. ಅಲ್ಲಿ ನಿಂತು ಕಂಬವನ್ನು ಬೈದ, ಬೇರೆ ಯಾರೂ ಸಿಗಲಿಲ್ಲ. ಆರನೇ ದಿನ ಮೂರನೇ ಬೀದಿ ಮುಟ್ಟಿದ, ನಡುವೆ ಮೂರು ಕಡೆ ಗೋಡೆ ಹಿಡಿದು. ದಾರಿ ತೋರಿಸುವುದಕ್ಕೆ ಅಂತ ಜೊತೆಗೆ ನಾನೂ ಹೋದೆ. ಪೋಸ್ಟಿನವನಿಗೆ ದಾರಿ ಯಾಕೆ ತೋರಿಸಬೇಕು ಅಂತ ನೀನು ಕೇಳುತ್ತೀ. ಕೇಳಬೇಡ.

ಗಡಿಯಾರದವನು ಮಗಳ ಮನೆಯ ಜಗಲಿಯಲ್ಲಿ ಕೂತಿದ್ದ. ತಲೆ ಎತ್ತದೆಯೇ ಕೇಳಿದ.

"ಯಾಕೆ ಬಂದೆ?"

"ಇದ್ದೀಯೋ ಹೋಗಿದ್ದೀಯೋ ನೋಡೋಣ ಅಂತ."

"ಇದ್ದೀನಿ. ನೀನು ಬಗ್ಗಿದ್ದೀಯ."

"ಕಣ್ಣು ಹೋಗಿದೆ ಅಂತಾರೆ. ಹೇಗೆ ಕಾಣ್ತು?"

"ಕಾಣಲಿಲ್ಲ. ಕೋಲಿನ ಸದ್ದು ಕೇಳ್ತು. ಕೋಲು ಯಾತಕ್ಕೆ?"

"ನಾಯಿಗಳಿಗೆ."

"ಈ ಬೀದೀಲಿ ನಾಯಿ ಇಲ್ಲ. ಕೂತ್ಕೋ. ಬೇಡ, ಕೂತ್ರೆ ಏಳಕ್ಕಾಗಲ್ಲ ನಿಂಗೆ. ನಿಂತೇ ಬೈಯಿ."

ನಿಂತೇ ಬೈದೆ. ಎರಡು ತಿಂಗಳಿನದು ಬಾಕಿಯಿತ್ತು. ಅವನ ಮಗಳು ಒಳಗಿಂದ ಬಂದು, "ದಿನಾ ಬನ್ನಿ ಮಾಮ, ಅಪ್ಪ ಇಲ್ಲಿಗೆ ಬಂದಮೇಲೆ ಇಷ್ಟು ಮಾತಾಡಿರ್ಲಿಲ್ಲ" ಅಂದಳು. ನಾನೇನು ಅವನಿಗೆ ಔಷಧಿಯೇ?

ಹೊರಡುವಾಗ, "ನಿನ್ನ ಗಡಿಯಾರಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಯಾವುದು?" ಅಂದೆ. ಅವನು ಯೋಚಿಸಬೇಕಾಗಲೇ ಇಲ್ಲ. ಮಗಳು ಸಂಜೆ ತಂದು ನನ್ನ ಅಂಗಡಿಯ ಬಾಗಿಲ ಪಕ್ಕ ತೂಗುಹಾಕಿ ಹೋದಳು. ಅದಕ್ಕೆ ಗಂಟೆಯ ಹಂಗಿಲ್ಲ. ಮನಸ್ಸು ಬಂದಾಗ ಹೊಡೆಯುತ್ತದೆ, ಅರ್ಧ ಗಂಟೆ ಮೀರಿ ಸುಮ್ಮನಿದ್ದದ್ದಿಲ್ಲ. ಹೊಡೆದಾಗಲೆಲ್ಲ ಎದ್ದು ಹೋಗಿ ಅದರ ತಲೆಗೆ ಒಂದು ಮೊಟಕಬೇಕು. ಇಲ್ಲದಿದ್ದರೆ ನಿಲ್ಲಿಸುವುದಿಲ್ಲ.

ಇವತ್ತು ಅರ್ಧ ಕುರ್ಚಿ ಹೆಣೆದೆ. ಒದ್ದೆ ಬಟ್ಟೆ ಹೊದಿಸಿದ್ದೆ. ಜೋಗುಳ ಹಾಡಲಿಲ್ಲ.

ನಿನ್ನ ತಾರೀಖು ಹತ್ತಿರ ಬಂತು. ಎಷ್ಟಾಗಿದೆ, ಬರೆ.

ಮಾವ

•

ಏಪ್ರಿಲ್ 2

ಮಾವನಿಗೆ ನಮಸ್ಕಾರ.

ಯಜಮಾನಿ ನಿನ್ನೆ ಬೆಳಿಗ್ಗೆ ಎಂಟಕ್ಕೇ ಬಂದರು. ನನ್ನ ವಾರದ ಕುರ್ಚಿಗಳನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದ್ದೆ. ಮೂರು. ನಾಲ್ಕನೆಯದು ಇರಲಿಲ್ಲ. ಹಿಂದಿನ ದಿನ ಮೈ ಹಗುರವಾಗಿತ್ತು, ಒಂದು ಮಧ್ಯಾಹ್ನ ಏಳದೆ ಕೂತಿದ್ದರೆ ನಾಲ್ಕನೆಯದೂ ಆಗುತ್ತಿತ್ತು. ಟೈಮರ್ ಕೂಗಿತು. ಅದನ್ನು ನೋಡಿದೆ, ಡ್ರಾಯರ್ ನೋಡಿದೆ, ಎದ್ದೆ. ಕಿಟಕಿಯ ಹತ್ತಿರ ನಿಂತು ಎರಡು ನಿಮಿಷ ನಿನ್ನನ್ನು ಬೈದೆ. ಬಾಯಿಬಿಟ್ಟು, ಕೈ ಎತ್ತಿ. ಪಕ್ಕದ ಸಾಲಿನವರು ಗಾಬರಿಯಾದರು. ಮೈಗೆ ಹಿತವಾಯಿತು.

ಯಜಮಾನಿ ಎರಡು ಸಲ ಎಣಿಸಿದರು, ಮೂರು ನಾಲ್ಕಾಗುತ್ತದೇನೋ ಅನ್ನುವ ಹಾಗೆ. ಆಮೇಲೆ ಒಂದೊಂದನ್ನೇ ಮಗುಚಿ ಹೆಬ್ಬೆರಳಿನಿಂದ ಒತ್ತಿದರು, ಮೊದಲ ಸಾಲು, ಕೊನೆಯ ಸಾಲು.

"ನಾಲ್ಕು ಅಂದಿದ್ದೆ."

"ಹೌದಮ್ಮ."

"ಮುಂದಿನ ವಾರ ನಾಲ್ಕಾಗುತ್ತಾ?"

ಆಗುತ್ತೆ ಅಂದುಬಿಡೋಣ ಅನ್ನಿಸಿತು. ನಿನ್ನ ರಕ್ತ ಇದೆಯಲ್ಲ. "ಇಲ್ಲ, ಮೂರೇ. ಆದ್ರೆ ಅದರ ಮುಂದಿನ ವಾರಾನೂ ಮೂರು. ವರ್ಷಾನುಗಟ್ಟಲೆ ಮೂರು" ಅಂದೆ.

ಅವರು ನಾಟಕಮಂದಿರದ ಕಡೆಯಿಂದ ಬಂದ ಪಟ್ಟಿ ನೋಡಿದರು. ಬಿಚ್ಚಿ ಮತ್ತೆ ಹೆಣೆಯಿರಿ ಅಂತ ವಾಪಸು ಕಳಿಸಿದ ಹನ್ನೊಂದು ಕುರ್ಚಿಗಳ ಪಟ್ಟಿ ಅದು. ಅದರಲ್ಲಿ ನನ್ನದು ಒಂದೇ. ಯಾವುದು ಗೊತ್ತೇ? ಫೆಬ್ರವರಿ ಆರರದ್ದು. ಕೊನೆಯ ಸುತ್ತು ಸಡಿಲ.

"ಗೇಟಿಗೆ ಬೇರೆಯವರನ್ನ ನೋಡ್ತೀನಿ" ಅಂದು ಹೊರಟರು. ಬಾಗಿಲಲ್ಲಿ ತಿರುಗಿ, "ಆ ಕಿರ್ ಅನ್ನೋದನ್ನ ಸ್ವಲ್ಪ ಮೆತ್ತಗೆ ಮಾಡ್ಕೋ" ಅಂದರು.

ನೋವು ಹೋಗಿಲ್ಲ. ಇವತ್ತೂ ಬೆಳಿಗ್ಗೆ ನನಗಿಂತ ಮುಂಚೆ ಎದ್ದಿತ್ತು. ಪಕ್ಕಕ್ಕೆ ಸರಿ ಅಂತ ಹೇಳಿ ಚಪ್ಪಲಿ ಮೆಟ್ಟಿದೆ.

ಪೋಸ್ಟಿನವನು ಹೇಗಿದ್ದಾನೆ?

ನಿನ್ನ ಕಡ್ಡಿ

•

ಏಪ್ರಿಲ್ 9

ಕಡ್ಡಿಗೆ ಮಾವನ ಆಶೀರ್ವಾದ.

ಬರೇ ಮೂರು. ನಾನಾಗಿದ್ದರೆ ಏಳು ಹೆಣೆಯುತ್ತಿದ್ದೆ. ನಿಮ್ಮ ಯಜಮಾನಿಗೆ ಕಣ್ಣಿಲ್ಲ, ಗಡಿಯಾರದವನ ಜೊತೆ ಜಗಲಿಯಲ್ಲಿ ಕೂರಿಸಬಹುದು. ನಿಮ್ಮಮ್ಮ ಇಲ್ಲಿಗೆ ಬಂದು ಮತ್ತೆ ಅತ್ತಳು, ಈ ಸಲ ಸಂತೋಷಕ್ಕೆ. ನಾನು ನಗಲಿಲ್ಲ, ನಕ್ಕರೆ ಪಕ್ಕೆ ಹಿಡಿಯುತ್ತದೆ.

ಪೋಸ್ಟಿನವನು ಚೆನ್ನಾಗಿದ್ದಾನೆ. ಅವನಿಗೆ ಸೊಂಟ ನೋವು ಯಾವತ್ತೂ ಇರಲಿಲ್ಲ.

ಗಡಿಯಾರದವನ ಹತ್ತಿರ ದಿನಾ ಹೋಗುತ್ತೇನೆ. ನಡುವೆ ಗೋಡೆ ಹಿಡಿಯುವುದು ಈಗ ಒಂದೇ ಕಡೆ. ಅವನಿಗೆ ನಿನ್ನ ವಿಷಯ ಹೇಳಿದೆ, ಅವನನ್ನು ಬೈಯಲು ಹೋಗಿ ಬರುತ್ತಿದ್ದದ್ದರಿಂದಲೇ ನನ್ನ ಬೆನ್ನು ನೆಟ್ಟಗಿತ್ತು ಅಂತ ನೀನು ಬರೆದದ್ದನ್ನು. ಅವನು ಬಹಳ ಹೊತ್ತು ನಕ್ಕ. ಆಮೇಲೆ, "ನೀನು ಬಾಗಿಲಿಗೆ ಬಂದಾಗ ಒಳಗೆ ಒಂದು ಹುಡುಗಿ ಬಗ್ಗಿ ಕೂತಿರ್ತಿದ್ಲು. ಅವಳು ಏಳ್ತಿದ್ದದ್ದು ನಾನು ನೋಡಿಲ್ಲ. ಆಗ ನಂಗೆ ಕಣ್ಣಿತ್ತು, ಹೇಳಬೇಕಿತ್ತು" ಅಂದ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವನ ಗಡಿಯಾರ ಸರಿಯಾದ ಗಂಟೆ ಹೊಡೆಯಿತು. ನಾನು ಬೈಯಲಿಲ್ಲ. ಮನೆಗೆ ಬಂದೆ.

ಮಲಗುವ ಮೊದಲು ಮೂರು ಸಾಲು ಬರೆಯಬೇಕು ಅಂದಿದ್ದೆಯಲ್ಲ. ಇದುವರೆಗೆ ಬರೆದಿರಲಿಲ್ಲ. ಇವತ್ತಿನದು ಬರೆಯುತ್ತೇನೆ, ನಿನ್ನ ಹತ್ತಿರವೇ ಇರಲಿ.

ಅರ್ಧ ಕುರ್ಚಿ ಹೆಣೆದೆ.

ಮೂರನೇ ಬೀದಿಗೆ ಹೋಗಿ ಬಂದೆ.

ಎಳೆ ನಾನೇ ಹಿಡಿದೆ.

ಈ ದರಿದ್ರ ಗಡಿಯಾರ ಮತ್ತೆ ಹೊಡೆಯಿತು, ಐದೂವರೆಗೆ ಒಂಬತ್ತು. ಎದ್ದು ಮೊಟಕಿ ಬರಬೇಕು. ನೀನೂ ಈ ಕಾಗದ ಓದುತ್ತ ಎಷ್ಟು ಹೊತ್ತಿನಿಂದ ಕೂತಿದ್ದೀಯೋ.

ಏಳು.